ಎರಡು ಎಕರೆ, ಎರಡು ಹಸು: ಸಣ್ಣ ಹಿಡುವಳಿಯ ಎಂಟು ತಪ್ಪು ಲೆಕ್ಕಗಳು

ತುಮಕೂರು, ಹಾಸನ, ಕೋಲಾರ, ರಾಮನಗರದ ಕಡೆಯ ಯಾವ ಹಳ್ಳಿಗೆ ಹೋದರೂ ಬೇಸಾಯದ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ‘ಈ ತುಂಡು ಜಮೀನಲ್ಲಿ ಏನು ಗಿಟ್ಟುತ್ತೆ ಬಿಡಿ’ ಎಂಬುದು ಅರಳಿಕಟ್ಟೆಯ ಮಾತು. ‘ಐದು ಹಸು ಕಟ್ಟಿ, ತಿಂಗಳಿಗೆ ಲಕ್ಷ ಎಣಿಸಿ’ ಎಂಬುದು ಮೊಬೈಲಿನ ಮಾತು. ಒಂದು ಕೈಚೆಲ್ಲಿಸುತ್ತದೆ, ಇನ್ನೊಂದು ಸಾಲ ಮಾಡಿಸುತ್ತದೆ. ಕೂತು ಲೆಕ್ಕ ಹಾಕಿದವರು ಎರಡೂ ಕಡೆ ಕಡಿಮೆ.

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಶೇ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರು ಎಕರೆ ಹದಿನಾಲ್ಕು ಗುಂಟೆ. ಸಣ್ಣ ರೈತನೇ ಇಲ್ಲಿ ಸಾಮಾನ್ಯ ರೈತ. ಅವನ ಹೊಲವನ್ನೂ ಕೊಟ್ಟಿಗೆಯನ್ನೂ ಬೇರೆ ಬೇರೆ ದಂಧೆಗಳೆಂದು ಎಣಿಸಿದಾಗ ಎರಡೂ ನಷ್ಟದಂತೆ ಕಾಣುತ್ತವೆ. ಹೊಲದ ಹುಲ್ಲು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಹೊಲಕ್ಕೆ ಹೋಗುವುದನ್ನು ಸೇರಿಸಿ ಒಂದೇ ಪುಸ್ತಕದಲ್ಲಿ ಬರೆದರೆ ಚಿತ್ರ ಬದಲಾಗುತ್ತದೆ. ಹಾಗೆ ಬರೆಯಲು ಅಡ್ಡಬರುವ ಎಂಟು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಎರಡು ಎಕರೆಯಲ್ಲಿ ಏನು ಮಾಡಿದರೂ ಗಿಟ್ಟದು

ವಾಸ್ತವ: ಬರೀ ರಾಗಿ ಬಿತ್ತಿ ಕೂತರೆ ಈ ಮಾತು ನಿಜ. ಮಳೆ ಚೆನ್ನಾಗಿ ಬಂದು ಎಕರೆಗೆ ಹತ್ತು ಕ್ವಿಂಟಲ್ ಬೆಳೆದರೆ ಒಟ್ಟು ಇಪ್ಪತ್ತು ಕ್ವಿಂಟಲ್. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಷ್ಟನ್ನೂ ಮಾರಿದರೂ ಲಕ್ಷ ಮುಟ್ಟುವುದಿಲ್ಲ. ಮನೆಯ ಊಟಕ್ಕೆ ಎತ್ತಿಟ್ಟು, ಉಳುಮೆ, ಗೊಬ್ಬರ, ಕಳೆ, ಕಟಾವಿನ ಖರ್ಚು ಕಳೆದರೆ ಉಳಿದದ್ದರಲ್ಲಿ ಒಂದು ಸಂಸಾರ ವರ್ಷ ಕಳೆಯಲಾಗದು.

ಆದರೆ ಅದೇ ಹೊಲ ಕಾಳಿನ ಜೊತೆಗೆ ಮೂರರಿಂದ ನಾಲ್ಕು ಟನ್ ಹುಲ್ಲನ್ನೂ ಕೊಟ್ಟಿರುತ್ತದೆ. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಚೆನ್ನಾಗಿ ಅರಗುತ್ತದೆ, ಬಣವೆ ಸರಿಯಾಗಿ ಒಟ್ಟಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹಿಂದಿನವರು ತಳಿ ಆರಿಸುವಾಗ ತೆನೆಯಷ್ಟೇ ಗಮನವನ್ನು ಹುಲ್ಲಿಗೂ ಕೊಡುತ್ತಿದ್ದರು. ಎರಡು ಎಕರೆಯ ಹುಲ್ಲು ಎರಡು ಹಸುವಿನ ಒಣಮೇವಿನ ಬಹುಪಾಲನ್ನು ತೂಗಿಸುತ್ತದೆ. ರಾಗಿ ನಾಲ್ಕೈದು ತಿಂಗಳು ಕೆಲಸ ಕೊಟ್ಟು ವರ್ಷಕ್ಕೊಮ್ಮೆ ಹಣ ತರುತ್ತದೆ. ಹಾಲು ದಿನವೂ ಕೆಲಸ ಕೊಟ್ಟು ಡೇರಿಯ ಬಟವಾಡೆಯ ದಿನ ಹಣ ತರುತ್ತದೆ.

ಸಣ್ಣ ರೈತನಿಗೆ ಇನ್ನೊಂದು ಅನುಕೂಲವಿದೆ. ಹಸು ಬೆಳಿಗ್ಗೆ ಮೇವು ಬಿಟ್ಟರೆ ಮನೆಯವರಿಗೆ ಆಗಲೇ ಗೊತ್ತಾಗುತ್ತದೆ. ನೂರು ಹಸುವಿನ ಡೇರಿಯವರು ಆ ಕಣ್ಣಿಗೆ ಸಂಬಳ ಕೊಡಬೇಕು.

ತಪ್ಪು ಕಲ್ಪನೆ 2: ಹೆಚ್ಚು ಹಾಲು ಕರೆಯುವ ಹಸುವೇ ಲಾಭದ ಹಸು

ವಾಸ್ತವ: ಸಂತೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಲೀಟರ್?’. ಕೇಳಬೇಕಾದದ್ದು ‘ಕರು ಹಾಕಿ ಎಷ್ಟು ದಿನಕ್ಕೆ ಗಬ್ಬ ನಿಲ್ಲುತ್ತದೆ?’

ಎರಡು ಹಸುಗಳನ್ನು ಎದುರುಬದುರು ನಿಲ್ಲಿಸಿ ನೋಡಿ. ಮೊದಲನೆಯದು ಸರಾಸರಿ ದಿನಕ್ಕೆ 13 ಲೀಟರಿನಂತೆ 300 ದಿನ ಕರೆಯುತ್ತದೆ, ಒಟ್ಟು 3,900 ಲೀಟರ್. ಆದರೆ ಮತ್ತೆ ಕರು ಹಾಕುವುದು 600 ದಿನಕ್ಕೆ. ಎರಡನೆಯದು 10 ಲೀಟರಿನಂತೆ 300 ದಿನ ಕರೆದು 3,000 ಲೀಟರ್ ಕೊಡುತ್ತದೆ, 400 ದಿನಕ್ಕೆ ಮತ್ತೆ ಕರು ಹಾಕುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ಪ್ರತಿ ದಿನಕ್ಕೂ ಹಂಚಿದರೆ ಮೊದಲನೆಯದು 6.5 ಲೀಟರಿನ ಹಸು, ಎರಡನೆಯದು 7.5 ಲೀಟರಿನ ಹಸು. ತಡವಾಗಿ ಗಬ್ಬವಾದ ಹಸು ಇನ್ನಷ್ಟು ಕಾಲ ಕರೆಯುವುದುಂಟು. 300 ದಿನದ ಮೇಲೆ ಇನ್ನೂ 200 ದಿನ, ದಿನಕ್ಕೆ ಎರಡು ಲೀಟರ್ ಸೇರಿಸಿಕೊಂಡರೂ ಅದರ ಸರಾಸರಿ 7.2 ಲೀಟರ್ ದಾಟುವುದಿಲ್ಲ. ಜೊತೆಗೆ 1,200 ದಿನಗಳಲ್ಲಿ ಒಂದು ಎರಡು ಕರು ಕೊಟ್ಟಿದ್ದರೆ ಇನ್ನೊಂದು ಮೂರು ಕೊಟ್ಟಿರುತ್ತದೆ. ಹೆಚ್ಚು ಹಾಲಿನ ಹಸುವಿನ ಖರೀದಿ ಬೆಲೆ, ಅದು ತಿನ್ನುವ ಹಿಂಡಿ, ಕೆಚ್ಚಲು ಬಾವಿನ ಚಿಕಿತ್ಸೆ ಈ ಲೆಕ್ಕದ ಹೊರಗೇ ಉಳಿದಿವೆ.

ಹಸುವಿನ ಗಬ್ಬದ ಕಾಲ ಸುಮಾರು 280 ದಿನ. 400 ದಿನಕ್ಕೊಂದು ಕರು ಬೇಕಾದರೆ ಕರು ಹಾಕಿದ ನಾಲ್ಕು ತಿಂಗಳೊಳಗೆ ಗಬ್ಬ ನಿಲ್ಲಬೇಕು. ಬೆದೆಗೆ ಬರುವುದು 21 ದಿನಕ್ಕೊಮ್ಮೆ. ಒಂದು ಬೆದೆ ಕಣ್ತಪ್ಪಿದರೆ 21 ದಿನದ ಮೇವು ಸುಮ್ಮನೆ ಹೋಯಿತು ಎಂದೇ ಲೆಕ್ಕ. ಸೀಮೆಹಸುಗಳ ಬೆದೆ ಒಂದು ದಿನಕ್ಕಿಂತ ಕಡಿಮೆ ಹೊತ್ತು ಇರುತ್ತದೆ, ಎಷ್ಟೋ ಸಲ ರಾತ್ರಿಯಲ್ಲೇ ಬಂದು ಹೋಗುತ್ತದೆ. ಆದ್ದರಿಂದ ಮಲಗುವ ಮುನ್ನ ಒಮ್ಮೆ, ನಸುಕಿನಲ್ಲಿ ಒಮ್ಮೆ ಕೊಟ್ಟಿಗೆಗೆ ಹೋಗಿ ಲೋಳೆ ಬಿದ್ದಿದೆಯೇ, ಹಸು ಒದರುತ್ತಿದೆಯೇ ಎಂದು ನೋಡುವುದು ಕಾಸು ಖರ್ಚಿಲ್ಲದ ಕೆಲಸ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸುವುದು ರೂಢಿ. ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ, ಕಾಲಕಾಲಕ್ಕೆ ಜಂತುನಾಶಕ ಕೊಟ್ಟರೆ ಗಬ್ಬ ನಿಲ್ಲದ ತೊಂದರೆ ಒಂದಷ್ಟಾದರೂ ತಪ್ಪೀತು.

ತಪ್ಪು ಕಲ್ಪನೆ 3: ಮೇವಿಗೆ ಜಮೀನು ಬಿಡುವುದು ದಂಡ, ಹಿಂಡಿ ಬೂಸಾ ತಂದು ಹಾಕಿದರಾಯಿತು

ವಾಸ್ತವ: ಹಾಲು ಉತ್ಪಾದನೆಯ ಖರ್ಚಿನಲ್ಲಿ ಶೇ 60ರಿಂದ 70ರಷ್ಟು ಮೇವು ಮತ್ತು ಪಶು ಆಹಾರಕ್ಕೇ ಹೋಗುತ್ತದೆ. ಹಾಲಿನ ದರ ರೈತನ ಕೈಯಲ್ಲಿಲ್ಲ, ಮೂಟೆಯ ದರವೂ ಇಲ್ಲ. ಅವನ ಕೈಯಲ್ಲಿರುವುದು ಎಷ್ಟು ಮೂಟೆ ತರಬೇಕು ಎಂಬುದೊಂದೇ.

400 ಕಿಲೋ ತೂಕದ ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ ಒಣ ಅಂಶ ಬೇಕು. ನೀರಿನ ಭಾಗ ಕಳೆದು ಮೇವಿನಲ್ಲಿ ಉಳಿಯುವುದೇ ಒಣ ಅಂಶ. ಸೀಮೆಹುಲ್ಲಿನಲ್ಲಿ ಅದು ಶೇ 15ರಿಂದ 20. ಹಾಗಾಗಿ 25 ಕಿಲೋ ಹಸಿರು ಹುಲ್ಲು ಹಾಕಿದರೂ ಸೇರುವುದು ನಾಲ್ಕೈದು ಕಿಲೋ ಮಾತ್ರ. ಉಳಿದದ್ದನ್ನು ರಾಗಿ ಹುಲ್ಲು, ಜೋಳದ ಕಡ್ಡಿ ತುಂಬಬೇಕು. ಅದರ ಮೇಲೆ ಹಾಲಿನ ಪ್ರಮಾಣ ನೋಡಿ ಪಶು ಆಹಾರ.

ನೀರು, ಗೊಬ್ಬರ ಸರಿಯಾಗಿದ್ದರೆ ಎಕರೆ ಸೀಮೆಹುಲ್ಲು ವರ್ಷಕ್ಕೆ 60 ಟನ್ನಿಗೆ ಕಡಿಮೆಯಿಲ್ಲದೆ ಬರುತ್ತದೆ. ಗುಂಟೆಗೆ ಹಂಚಿದರೆ ದಿನಕ್ಕೆ ಸುಮಾರು ನಾಲ್ಕು ಕಿಲೋ. ಒಂದು ಹಸುವಿಗೆ ಆರೇಳು ಗುಂಟೆ ಸಾಕು. ಕೊಳವೆಬಾವಿ ಇಲ್ಲದವರಿಗೆ ಬದು ಇದೆ. ಬದುವಿನ ಮೇಲೆ ಚೊಗಚೆ, ಗ್ಲಿರಿಸಿಡಿಯಾ, ನುಗ್ಗೆ ಬೆಳೆಸಿದರೆ ಬೇಸಿಗೆಯಲ್ಲೂ ಪ್ರೋಟೀನ್ ಇರುವ ಸೊಪ್ಪು ಸಿಗುತ್ತದೆ. ಮುಸುಕಿನ ಜೋಳದ ಜೊತೆ ಅಲಸಂದೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಕೊಯ್ದರೆ ಹಿಂಡಿಯ ಖರ್ಚು ತಗ್ಗುತ್ತದೆ. ಮೇವನ್ನು ಉದ್ದಕ್ಕೆ ಹಾಕಿದರೆ ಹಸು ಎಲೆ ತಿಂದು ಕಾಂಡ ತುಳಿಯುತ್ತದೆ. ಕತ್ತರಿಸಿ ಹಾಕಿದರೆ ಗೋದಲಿ ಖಾಲಿಯಾಗುತ್ತದೆ.

ತಪ್ಪು ಕಲ್ಪನೆ 4: ಅಜೋಲ್ಲ ಬೆಳೆದರೆ ಪಶು ಆಹಾರವೇ ಬೇಡ

ವಾಸ್ತವ: ತೊಟ್ಟಿಯ ನೀರಿನಲ್ಲಿ ತೇಲಿ ಬೆಳೆಯುವ ಅಜೋಲ್ಲವನ್ನು ಒಣಗಿಸಿದರೆ ಅದರಲ್ಲಿ ಪ್ರೋಟೀನ್ ಚೆನ್ನಾಗಿದೆ. ತೊಟ್ಟಿಯಿಂದ ತೆಗೆದ ಹಸಿ ಅಜೋಲ್ಲದಲ್ಲಿ ಮಾತ್ರ ಶೇ 90ಕ್ಕಿಂತ ಹೆಚ್ಚು ನೀರೇ. ಎರಡು ಕಿಲೋ ಹಾಕಿದರೆ ಹಸುವಿನ ಹೊಟ್ಟೆ ಸೇರುವ ಒಣ ಅಂಶ ನೂರೈವತ್ತು ಗ್ರಾಂ ಆಸುಪಾಸು. ಕೋಳಿಗೆ ಒಳ್ಳೆಯದು, ಕರುವಿಗೆ ಒಂದಿಷ್ಟು ಸಹಾಯ, ಹತ್ತು ಲೀಟರಿನ ಹಸುವಿಗೆ ಉಪ್ಪಿನಕಾಯಿಯಷ್ಟೇ.

ತಪ್ಪು ಕಲ್ಪನೆ 5: ಒಂದು ಹಸುವಿದ್ದರೆ ಸಾಕು, ಹೊಲಕ್ಕೆ ಬೇರೇನೂ ಬೇಡ

ವಾಸ್ತವ: ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿ ಕರ್ನಾಟಕದಲ್ಲಿ ಹರಡಿದ ಮೇಲೆ, ಒಂದು ನಾಟಿಹಸು ಮೂವತ್ತು ಎಕರೆ ಸಾಕುತ್ತದೆ ಎಂಬ ಮಾತು ಜನಜನಿತವಾಯಿತು. ಅದರ ಜೀವಾಮೃತಕ್ಕೆ ಎಕರೆಗೆ ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಇನ್ನೂರು ಲೀಟರ್ ನೀರು. ಇದಿಷ್ಟರಲ್ಲಿ ಇರುವ ಸಾರಜನಕ ಕಾಲು ಕಿಲೋ ಆಸುಪಾಸು. ಎಕರೆ ರಾಗಿ ಕಾಳು, ಹುಲ್ಲು ಸೇರಿ ಮಣ್ಣಿನಿಂದ ಎತ್ತಿಕೊಳ್ಳುವುದು ಹತ್ತಾರು ಕಿಲೋ. ಜೀವಾಮೃತ ಮಣ್ಣಿನ ಜೀವಾಣುಗಳನ್ನು ಚುರುಕಾಗಿಸುತ್ತದೆ ಎಂಬುದು ಅದರ ಪರವಾದ ವಾದ. ಆ ಜೀವಾಣುಗಳು ಕೆಲಸ ಮಾಡಬೇಕಾದರೂ ಮಣ್ಣಿನಲ್ಲಿ ಸಾವಯವ ಪದಾರ್ಥ ಇರಬೇಕು. ಅದನ್ನು ಒದಗಿಸುವುದು ತಿಪ್ಪೆ.

ತಿಪ್ಪೆಯ ಲೆಕ್ಕವೂ ಸರಳ. ಒಂದು ಹಸು ದಿನಕ್ಕೆ 15 ಕಿಲೋ ಸಗಣಿ ಹಾಕಿದರೆ ವರ್ಷಕ್ಕೆ ಐದೂವರೆ ಟನ್. ಹಾಸು ಹುಲ್ಲು ಸೇರಿ, ನೀರು ಆರಿ, ಕಳಿತ ಮೇಲೆ ಉಳಿಯುವುದು ಎರಡೂವರೆ ಮೂರು ಟನ್ ಗೊಬ್ಬರ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 7.5 ಟನ್, ಎಕರೆಗೆ ಮೂರು ಟನ್. ಹೀಗೆ ಒಂದು ಎಕರೆಗೆ ಒಂದು ಹಸು ಎಂಬ ಲೆಕ್ಕ ತಾನಾಗಿ ಬರುತ್ತದೆ.

ಮೂರು ಟನ್ ಗೊಬ್ಬರದಲ್ಲಿ ಸಾರಜನಕ ಸುಮಾರು 15 ಕಿಲೋ. ಮೊದಲ ವರ್ಷ ಬೆಳೆಗೆ ದಕ್ಕುವುದು ಅದರ ಒಂದು ಪಾಲು ಮಾತ್ರ, ಉಳಿದದ್ದು ಮುಂದಿನ ವರ್ಷಗಳಿಗೆ. ಆದ್ದರಿಂದ ಶುರುವಿನಲ್ಲೇ ರಸಗೊಬ್ಬರವನ್ನು ಪೂರ್ತಿ ನಿಲ್ಲಿಸಿದವರ ಇಳುವರಿ ಕುಸಿಯುತ್ತದೆ. ವರ್ಷವರ್ಷವೂ ಗೊಬ್ಬರ ಹಾಕುತ್ತ, ದ್ವಿದಳ ಬೆಳೆ ಸೇರಿಸುತ್ತ, ಮಣ್ಣು ಪರೀಕ್ಷೆ ನೋಡಿ ಚೀಲ ಕಡಿಮೆ ಮಾಡುತ್ತ ಬಂದವರು ತಡೆದುಕೊಳ್ಳುತ್ತಾರೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಒಣಭೂಮಿಯ ಬಹುತೇಕ ಕಡೆ ಗಂಧಕ, ಸತು, ಬೋರಾನ್ ಕೊರತೆ ತೋರಿಸಿದವು. ಯೂರಿಯಾ ಹೆಚ್ಚಿಸಿದ್ದರಿಂದ ಆ ಕೊರತೆ ತುಂಬುವುದಿಲ್ಲ.

ಗೊಬ್ಬರದ ಗುಣ ನಿರ್ಧಾರವಾಗುವುದು ಕೊಟ್ಟಿಗೆಯ ನೆಲದಲ್ಲಿ. ಹಸು ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಗಂಜಲದಲ್ಲಿರುತ್ತದೆ. ಸಿಮೆಂಟ್ ನೆಲಕ್ಕೆ ನೀರು ಹಾಕಿ ತೊಳೆದಾಗ ಅದು ಚರಂಡಿ ಸೇರುತ್ತದೆ. ಮಲೆನಾಡಿನವರು ಕೊಟ್ಟಿಗೆಗೆ ಸೊಪ್ಪು ಹಾಸುವುದು ಆ ಗಂಜಲವನ್ನು ಹಿಡಿಯಲಿಕ್ಕೇ. ಬಯಲುಸೀಮೆಯಲ್ಲಿ ತಿಂದು ಬಿಟ್ಟ ಹುಲ್ಲು, ಕಬ್ಬಿನ ಸೋಗೆ, ತರಗೆಲೆ ಅದೇ ಕೆಲಸ ಮಾಡುತ್ತವೆ. ಬಿಸಿಲಿಗೆ ಒಡ್ಡಿದ ಗುಡ್ಡೆಯ ಬದಲು ಗುಂಡಿಯಲ್ಲಿ ತುಂಬಿ ಮಣ್ಣು ಮುಚ್ಚಿದರೆ ಸತ್ವ ಉಳಿಯುತ್ತದೆ. ಮಳೆಗೆ ಮುನ್ನ ಹೊಲದಲ್ಲಿ ಕುಪ್ಪೆ ಹಾಕಿ ವಾರಗಟ್ಟಲೆ ಒಣಗಲು ಬಿಡದೆ, ಚೆಲ್ಲಿದ ದಿನವೇ ಉತ್ತು ಮಣ್ಣಿಗೆ ಸೇರಿಸಬೇಕು.

ತಪ್ಪು ಕಲ್ಪನೆ 6: ನಾಟಿಹಸು ಕಟ್ಟಿದರೆ ಎ2 ಹಾಲಿಗೆ ಕೇಳಿದಷ್ಟು ದುಡ್ಡು

ವಾಸ್ತವ: ಹಳ್ಳಿಯ ಡೇರಿ ಹಾಲನ್ನು ಕೊಳ್ಳುವುದು ಜಿಡ್ಡು ಮತ್ತು ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ನೋಡಿ. ಎ2 (ಹಾಲಿನ ಪ್ರೋಟೀನಿನ ಒಂದು ಬಗೆ) ಎಂದು ಅಲ್ಲಿ ಒಂದು ರೂಪಾಯಿಯೂ ಹೆಚ್ಚು ಸಿಗದು. ಹೆಚ್ಚು ಬೆಲೆ ಕೊಡುವ ಗಿರಾಕಿ ಇರುವುದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ. ಅವರ ಮನೆಬಾಗಿಲಿಗೆ ದಿನಾ ಹಾಲು ಮುಟ್ಟಿಸುವುದು ಪ್ರತ್ಯೇಕ ವ್ಯಾಪಾರ. ನಾಟಿ ತಳಿಗಳಲ್ಲಿ ಬಹುತೇಕ ಎ2 ಇರುವುದು ನಿಜ, ಎಮ್ಮೆಯ ಹಾಲೂ ಎ2, ಸೀಮೆಹಸುಗಳಲ್ಲೂ ಎಷ್ಟೋ ಎ2 ಹಸುಗಳಿವೆ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎ1, ಎ2 ಎಂಬ ಹೆಸರುಗಳನ್ನು ಪೊಟ್ಟಣದಿಂದ ತೆಗೆಯಿರಿ ಎಂದು ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ಇಂಥ ಹೆಸರಿನ ಮೇಲೆ ಸಾಲ ಮಾಡುವುದು ಜಾಣತನವಲ್ಲ.

ಹಾಗೆಂದು ನಾಟಿಹಸು ದಂಡವಲ್ಲ. ಹಳ್ಳಿಕಾರ್, ಅಮೃತಮಹಲ್ ಉಳುಮೆಗೆ, ಗಾಡಿಗೆ ಬೆಳೆದುಬಂದ ತಳಿಗಳು. ಹಳ್ಳಿಕಾರ್ ಹೋರಿಕರುಗಳಿಗೆ ಜಾತ್ರೆಗಳಲ್ಲಿ ಇಂದಿಗೂ ಒಳ್ಳೆಯ ಬೆಲೆಯಿದೆ. ಮಲೆನಾಡು ಗಿಡ್ಡ ಮೇಯ್ದು ಬಂದೇ ಹೊಟ್ಟೆ ಹೊರೆದುಕೊಳ್ಳುತ್ತದೆ, ಮಳೆ ಚಳಿಗೆ ಜಗ್ಗುವುದಿಲ್ಲ. ಮನೆಗೆ ಹಾಲು, ಹೊಲಕ್ಕೆ ಗೊಬ್ಬರ, ಕಡಿಮೆ ಖರ್ಚು ಬೇಕಾದವರಿಗೆ ನಾಟಿಹಸು ಸರಿ. ಡೇರಿಗೆ ಹಾಲು ಹಾಕಿಯೇ ಮನೆ ನಡೆಸಬೇಕಾದವರಿಗೆ ಹತ್ತು ಲೀಟರ್ ಆಸುಪಾಸಿನ, ಬಿಸಿಲು ತಾಳುವ ಮಿಶ್ರತಳಿ ಸರಿ.

ತಪ್ಪು ಕಲ್ಪನೆ 7: ಅಟ್ಟಣಿಗೆ ಶೆಡ್ ಕಟ್ಟಿ ಕುರಿ ಬಿಟ್ಟರೆ ವರ್ಷದೊಳಗೆ ಬಂಡವಾಳ ವಾಪಸ್

ವಾಸ್ತವ: 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ ಒಂದು ಕೋಟಿ ದಾಟಿತ್ತು. ಅವುಗಳಲ್ಲಿ ಬಹುಪಾಲು ಬೆಳೆದದ್ದು ಬೀಳು ನೆಲ, ಗೋಮಾಳ, ಕಟಾವಾದ ಹೊಲಗಳಲ್ಲಿ ಮೇಯ್ದು. ಕುರಿಗಾಹಿಯ ಲಾಭದ ಗುಟ್ಟು ದುಡ್ಡು ಕೊಡದೆ ಸಿಗುವ ಆ ಮೇವು. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದ್ದಕ್ಕೆ ಹೊಲದವನೇ ಅವನಿಗೆ ಕಾಳೋ ಹಣವೋ ಕೊಡುತ್ತಾನೆ. ಶೆಡ್ಡಿನಲ್ಲಿ ಕಟ್ಟಿದ ಕ್ಷಣ ಈ ಎರಡೂ ನಿಂತು, 30 ಕಿಲೋ ತೂಗುವ ಪ್ರತಿ ಕುರಿಗೂ ದಿನಕ್ಕೆ ಕಿಲೋದಷ್ಟು ಒಣ ಅಂಶವನ್ನು ನಾವೇ ಒದಗಿಸಬೇಕಾಗುತ್ತದೆ.

ಕುರಿಯ ಗಬ್ಬದ ಕಾಲ ಐದು ತಿಂಗಳು. ಆರೈಕೆ ಚೆನ್ನಾಗಿದ್ದರೆ ಎರಡು ವರ್ಷಕ್ಕೆ ಮೂರು ಸಲ ಮರಿ ಹಾಕುತ್ತದೆ. ಮಾಂಸಕ್ಕೆ ಹೆಸರಾದ ಬನ್ನೂರು ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಪ್ರತಿ ಸೂಲಿಗೂ ಅವಳಿ ಎಂದು ಬರೆದ ಯೋಜನಾ ವರದಿಯನ್ನು ನಂಬಿ ಶೆಡ್ಡಿಗೇ ಬಂಡವಾಳದ ಬಹುಪಾಲು ಸುರಿದವರಿಗೆ ಮೇವಿಗೆ ಹಣವಿರುವುದಿಲ್ಲ. ಸಂತೆಯಲ್ಲಿ ನಾಲ್ಕು ಕಡೆಯ ಕುರಿ ಕೊಂಡು ತಂದು ಒಂದೇ ದಿನ ಒಟ್ಟಿಗೆ ಬಿಟ್ಟರೆ ರೋಗವೂ ಒಟ್ಟಿಗೆ ಬರುತ್ತದೆ. ಹೊಸ ಕುರಿಗಳನ್ನು ಎರಡು ಮೂರು ವಾರ ಬೇರೆ ಇಡಬೇಕು. ಪಿಪಿಆರ್ ಲಸಿಕೆ, ಮಳೆಗಾಲಕ್ಕೆ ಮುಂಚೆ ಕರುಳು ಬೇನೆಯ ಲಸಿಕೆ ತಪ್ಪಿಸಬಾರದು.

ಎರಡು ಎಕರೆಯವರಿಗೆ ಒಗ್ಗುವುದು ನಾಲ್ಕೈದು ಕುರಿ ಅಥವಾ ಆಡು. ಹಸು ತಿಂದು ಬಿಟ್ಟ ಮೇವು, ಬದುವಿನ ಸೊಪ್ಪು, ಅವರೆ ತೊಗರಿಯ ಹೊಟ್ಟು ಅವುಗಳಿಗೆ ಸಾಕು. ಬಕ್ರೀದಿಗೋ ಊರಹಬ್ಬಕ್ಕೋ ಎರಡು ಟಗರು ಮಾರಿದರೆ ಮಕ್ಕಳ ಫೀಸಿಗೆ ಆಗುತ್ತದೆ. ಕಷ್ಟ ಬಂದ ದಿನ ಹಸು ಮಾರುವುದನ್ನೂ ಅದು ತಪ್ಪಿಸುತ್ತದೆ.

ತಪ್ಪು ಕಲ್ಪನೆ 8: ಅಕ್ಕಡಿ ಸಾಲು ಹಳೇ ಕಾಲದ್ದು, ಮನೆಯವರ ದುಡಿಮೆಗೆ ಲೆಕ್ಕ ಬೇಡ

ವಾಸ್ತವ: ಇವು ಎರಡು ನಂಬಿಕೆಗಳಾದರೂ ಮೂಲ ಒಂದೇ. ಕಾಸಿನ ರೂಪದಲ್ಲಿ ಕಾಣದ್ದನ್ನು ಇಲ್ಲವೆಂದುಕೊಳ್ಳುವುದು.

ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳು ಹಾಕುತ್ತಿದ್ದ ಅಕ್ಕಡಿ ಸಾಲು ಯಂತ್ರದ ಕಟಾವು ಬಂದ ಮೇಲೆ ಮಾಯವಾಗುತ್ತಿದೆ. ಆದರೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಇವತ್ತಿಗೂ ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ರಾಗಿ ಕೊಯ್ದ ಮೇಲೂ ತೊಗರಿ ಆಳದ ತೇವ ಹೀರಿ ನಿಲ್ಲುತ್ತದೆ. ನಡುವೆ ಮಳೆ ಕೈಕೊಟ್ಟ ವರ್ಷ ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ. ತೊಗರಿಯ ಬೇರು ಮಣ್ಣಿಗೆ ಸಾರಜನಕ ಬಿಡುತ್ತದೆ, ಹೊಟ್ಟು ಕುರಿಗೆ, ಕಡ್ಡಿ ಒಲೆಗೆ, ಬೇಳೆ ಮನೆಗೆ. ಕ್ವಿಂಟಲ್ ಲೆಕ್ಕದಲ್ಲಿ ರಾಗಿ ಸ್ವಲ್ಪ ಇಳಿದರೂ ಅಂಗಡಿಯಿಂದ ತರುವ ಚೀಟಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ.

ಇನ್ನು ದುಡಿಮೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಹುಲ್ಲು ತರುವವರು ಬಹುತೇಕ ಹೆಂಗಸರು. ‘ಮನೆ ಕೆಲಸ ತಾನೆ’ ಎಂದು ಅದನ್ನು ಬಿಟ್ಟು ಹಾಕಿದ ಲೆಕ್ಕದಲ್ಲಿ ಮೂರನೆಯ, ನಾಲ್ಕನೆಯ ಹಸುವೂ ಲಾಭವೆಂದೇ ಕಾಣುತ್ತದೆ. ಸರ್ಕಾರ ಬೆಂಬಲ ಬೆಲೆ ನಿಗದಿ ಮಾಡುವಾಗಲೇ ಕೈಯಿಂದ ಮಾಡಿದ ಖರ್ಚಿಗೆ ಮನೆಯವರ ದುಡಿಮೆಯ ಬೆಲೆ ಸೇರಿಸಿ, ಅದರ ಒಂದೂವರೆ ಪಟ್ಟನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಮನೆಯ ಲೆಕ್ಕದಲ್ಲೂ ಆ ಸಾಲು ಇರಬೇಕು. ಕೂಲಿ ಹಾಕಿ ನೋಡಿದಾಗ ಇಬ್ಬರ ಕೈಗೆ ಎರಡು ಹಸು, ಒಂದು ಕಡಸು ಸಾಕು ಎನ್ನುವುದು ಎಷ್ಟೋ ಮನೆಗಳಲ್ಲಿ ಸ್ಪಷ್ಟವಾಗುತ್ತದೆ.

ಕೊನೆಯದಾಗಿ

ಎರಡು ಎಕರೆ, ಎರಡು ಹಸು, ನಾಲ್ಕು ಕುರಿ ಯಾರನ್ನೂ ಶ್ರೀಮಂತರನ್ನಾಗಿ ಮಾಡುವುದಿಲ್ಲ. ಬರದ ವರ್ಷವೂ ಮನೆ ಸಾಲಕ್ಕೆ ಬೀಳದಂತೆ, ಮಣ್ಣು ಸೋಲದಂತೆ ನಡೆಸಿಕೊಂಡು ಹೋಗುತ್ತವೆ. ಅದು ಕೂಡ ಹೊಲ ಮತ್ತು ಕೊಟ್ಟಿಗೆ ಒಂದನ್ನೊಂದು ಸಾಕಿದರೆ ಮಾತ್ರ. ಮೇವು, ಗೊಬ್ಬರ ಎರಡನ್ನೂ ದುಡ್ಡು ಕೊಟ್ಟು ತರುವ ಮನೆಯಲ್ಲಿ ಹಾಲಿನ ಹಣ ಬಂದ ದಾರಿಯಲ್ಲೇ ಹೋಗುತ್ತದೆ.

ಹೊಸ ಹಸುವಿಗೋ ಶೆಡ್ಡಿಗೋ ಅರ್ಜಿ ಹಾಕುವ ಮುನ್ನ ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಹಸು ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಇಂಜೆಕ್ಷನ್ ಕೊಡಿಸಿದ ದಿನ, ಡೇರಿಗೆ ಹಾಕಿದ ಲೀಟರ್, ತಂದ ಮೂಟೆ, ಹೊಲಕ್ಕೆ ಹೊಡೆದ ಗೊಬ್ಬರದ ಗಾಡಿ, ಮನೆಯವರು ದುಡಿದ ಹೊತ್ತು ಬರೆದಿಡಿ. ಶಾಲೆಗೆ ಹೋಗುವ ಮಕ್ಕಳಿಂದಲೇ ಬರೆಸಿ. ಒಂದು ವರ್ಷದ ಪುಟಗಳನ್ನು ತಿರುವಿ ನೋಡಿದ ಮೇಲೆ ಇನ್ನೊಂದು ಹಸು ಬೇಕೋ, ಇರುವ ಹಸುವಿಗೆ ಇನ್ನಾರು ಗುಂಟೆ ಮೇವು ಬೇಕೋ ಎಂದು ನೀವೇ ತೀರ್ಮಾನಿಸಿ.